ಒಂದು ಮೊರ ತವುಡು

ತಂಗಿಯ ಗಂಡ ಲ್ಯಾಪ್‌ಟಾಪ್ ಮುಂದೆ ಕೂತು "ಮಕ್ಕಳು, ಒಂದು" ಎಂದು ಗಟ್ಟಿಯಾಗಿ ಓದಿದಾಗ ನನ್ನ ಮಗಳು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ತುಪ್ಪ ಹಾಕಿಕೊಂಡಳು, ಮಡಿಸಿದಳು, ತಿಂದಳು. ನಿಂತದ್ದು ನನ್ನ ಕೈ.

ಯುಗಾದಿಯ ಊಟಕ್ಕೆಂದು ಕೋಗಿಲಿನಿಂದ ನಾನು, ನನ್ನ ಗಂಡ, ಅಮ್ಮ, ಮಗಳು ಯಲಹಂಕ ನ್ಯೂ ಟೌನಿನ ತಂಗಿಯ ಫ್ಲ್ಯಾಟಿಗೆ ಹೋಗಿದ್ದೆವು. ತಂಗಿ ನರ್ಸ್. ಹೆಬ್ಬಾಳದ ಹತ್ತಿರದ ದೊಡ್ಡ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ. ಇಂಗ್ಲಿಷ್ ಪರೀಕ್ಷೆಯನ್ನು ಎರಡನೇ ಸಲಕ್ಕೆ ಪಾಸು ಮಾಡಿಕೊಂಡು ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾಗೆ ಅರ್ಜಿ ಹಾಕುವ ಹಂತಕ್ಕೆ ಬಂದಿದ್ದಳು. ಕೆಲಸ ಬಲ್ಲವರನ್ನು ಆ ದೇಶ ಸಂಸಾರ ಸಮೇತ ಕರೆಸಿಕೊಂಡು ಅಲ್ಲೇ ಇರಿಸಿಕೊಳ್ಳುವ ವೀಸಾ ಅದು. ಹಾಗಾಗಿ ಸಂಸಾರದಲ್ಲಿ ಯಾರ್ಯಾರಿದ್ದಾರೆ ಎಂದು ಮೊದಲು ತಿಳಿಸಬೇಕು. ಅವಳ ಗಂಡ ಹಬ್ಬದ ದಿನವೂ ಬಿಡದೆ, ಸ್ಪೆಲಿಂಗ್ ತಪ್ಪಬಾರದೆಂದು ಒಂದೊಂದೇ ಸಾಲನ್ನು ಓದಿ ಹೇಳುತ್ತಿದ್ದ. ಮಕ್ಕಳು ಒಂದು ಎಂದರೆ ಅವರ ಮಗ.

ಒಬ್ಬಟ್ಟು ತಿನ್ನುತ್ತಿದ್ದ ನನ್ನ ಮಗಳನ್ನು ಹೆತ್ತವಳು ತಂಗಿ, ಸಾಕಿದವಳು ನಾನು. ಇದೇನೂ ಗುಟ್ಟಲ್ಲ. ನಮ್ಮ ಬೀದಿಯ ಹಾಲಿನವನಿಗೂ ಗೊತ್ತು. ಮಗಳಿಗಂತೂ ಕೇಳುವಷ್ಟು ಮಾತು ಬಂದಾಗಲೇ ಹೇಳಿದ್ದೆವು. ಅವಳು ನನ್ನನ್ನು ಅಮ್ಮ ಎನ್ನುತ್ತಾಳೆ, ತಂಗಿಯನ್ನು ಚಿಕ್ಕಿ ಎನ್ನುತ್ತಾಳೆ. ಇಷ್ಟು ವರ್ಷ ಇದರಿಂದ ಯಾರಿಗೂ ಏನೂ ಮುಳುಗಿಹೋಗಿರಲಿಲ್ಲ.

"ಒಂದಾ?" ಎಂದು ಕೇಳಿದೆ. ತಂಗಿಯ ಗಂಡ ತಲೆ ಎತ್ತಿ, ಅವಳು ನಿಮ್ಮ ಮಗಳಲ್ವಾ ಅಕ್ಕ, ಅದಕ್ಕೇ ಹಾಕಿಲ್ಲ ಎಂದ. ನೋಡಿ, ಇದಕ್ಕಿಂತ ಸರಿಯಾದ ಉತ್ತರ ಇರಲು ಸಾಧ್ಯವೇ ಇಲ್ಲ. ಇಷ್ಟು ವರ್ಷ ನಾನು ಎಲ್ಲರ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಅದೇ. ಆದರೂ ನನ್ನ ಮೈಯೆಲ್ಲ ಉರಿದುಹೋಯಿತು. ಹೆತ್ತವರಿಗೆ ಒಂದು ಸಾಲಿಗೂ ಬೇಡವಾದಳೇ ನನ್ನ ಮಗಳು ಎನಿಸಿತು. ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದು ಎಂದು ಓದಲು ನಾಲಿಗೆ ಹೇಗೆ ಬಂತು ಎಂದು ಕೂಗಾಡಿದೆ. ಬೇವುಬೆಲ್ಲ ತಿಂದ ದಿನ ಜಗಳ ಬೇಡವೆಂದು ಅಮ್ಮ ಗದರಿದಳು. ನನ್ನ ಗಂಡ ಎಂದಿನಂತೆ ಕೋಸಂಬರಿಯನ್ನೇ ನೋಡುತ್ತಿದ್ದ. ಎಲೆಯಲ್ಲಿ ಅನ್ನ ಬಿಟ್ಟು ಎದ್ದೆ.

ನನ್ನ ಕೋಪ ಹೊಸದೇನಲ್ಲ. ನಾನು ಬಸ್ ಕಂಡಕ್ಟರ್. ಯಲಹಂಕದಿಂದ ಹೆಬ್ಬಾಳ, ಗೊರಗುಂಟೆಪಾಳ್ಯದ ಮೇಲೆ ಯಶವಂತಪುರಕ್ಕೆ ಹೋಗಿ ಬರುವುದೇ ನನ್ನ ಜೀವನ. ಚಿಲ್ಲರೆಗೆ ಜಗಳ, ಫುಟ್‌ಬೋರ್ಡಿಗೆ ಜಗಳ, ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಸೀಟಿಗೆ ಜಗಳ. ಮೆತ್ತಗಿದ್ದರೆ ಆ ಕೆಲಸದಲ್ಲಿ ಒಂದು ದಿನ ಬಾಳಲಾಗದು. ಆದರೆ ಬಸ್ಸಿನ ಕೋಪ ಡಿಪೋದಲ್ಲಿ ಇಳಿದುಹೋಗುತ್ತದೆ. ಯುಗಾದಿಯ ದಿನ ಹತ್ತಿದ ಕೋಪ ಎಲ್ಲೂ ಇಳಿಯಲಿಲ್ಲ. ಯಾರ ಮೇಲೆ ಕೋಪ, ಯಾತಕ್ಕೆ ಕೋಪ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ, ಅದೇ ತೊಂದರೆ.

ಮಗಳು ನನ್ನ ಮನೆಗೆ ಬಂದ ಬಗೆಯನ್ನು ಹೇಳಬೇಕು. ನಮ್ಮ ಕಡೆಯ ಹಳೇ ಮನೆಗಳಲ್ಲಿ ಮಗು ಉಳಿಯುವುದಿಲ್ಲ ಎಂಬ ಭಯವಿದ್ದರೆ ತವುಡಿಗೆ ಮಾರುತ್ತಾರೆ. ಮಗುವನ್ನು ಮೊರದಲ್ಲಿ ಮಲಗಿಸುತ್ತಾರೆ. ಇನ್ನೊಬ್ಬ ಹೆಂಗಸು ಒಂದು ಮೊರ ತವುಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ವಿಧಿ ಹುಡುಕಿಕೊಂಡು ಬಂದರೆ, ಈ ಮನೆಯಲ್ಲಿ ಮಗುವೇ ಇಲ್ಲ, ಇದ್ದದ್ದು ದನದ ಮೇವಿನ ಬೆಲೆಗೆ ಹೋಯಿತು ಎಂದು ಮೋಸಹೋಗಲಿ ಎಂಬ ಆಟ. ಆಟ ಎಂದರೆ ಆಟವೇ. ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಹೆತ್ತವಳು ಬರುತ್ತಾಳೆ. ಕೊಂಡವಳು ಮಗುವನ್ನು ಅವಳ ಮಡಿಲಿಗೆ ಹಾಕಿ, "ನನ್ನ ಮಗು ಇದು, ಸಾಕಿಕೊಡು" ಎನ್ನುತ್ತಾಳೆ. ಮಗು ಹುಟ್ಟಿದ ಮನೆಗೇ ಹೋಗುತ್ತದೆ, ಆದರೆ ಕೊಂಡವಳ ಮಗುವಾಗಿ. ಅಷ್ಟಕ್ಕೆ ಮುಗಿಯಿತು.

ತಂಗಿಗೆ ಮಗನಾದ ಮೇಲೆ ಹುಟ್ಟಿದ ಒಂದು ಮಗು ತೊಟ್ಟಿಲಲ್ಲೇ ಹೋಗಿತ್ತು. ಅದರ ನಂತರ ಬಂದವಳು ಇವಳು, ಹಿಡಿಯಷ್ಟಿದ್ದಳು. ಹುಟ್ಟಿದಾಗಿನಿಂದ ಒಂದೇ ಸಮ ಅಳು. ಅಮ್ಮನೇ ಮುಂದೆ ನಿಂತು ಇವಳನ್ನು ತವುಡಿಗೆ ಮಾರಿಸಿದಳು. ಕೊಳ್ಳಲು ನಾನು ಬೇಕಾದೆ. ಮದುವೆಯಾಗಿ ಅಷ್ಟು ವರ್ಷವಾದರೂ ನನ್ನ ಮಡಿಲು ತುಂಬಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ತವುಡು ಕೊಟ್ಟೆ, ಮಗುವನ್ನು ಎತ್ತಿಕೊಂಡು ಬಂದೆ. ಸಂಜೆಗೆ ಹೇಳಬೇಕಾದ ಆ ಮಾತನ್ನು ಬಾಯಲ್ಲೇ ಹೇಳಿಕೊಂಡು ಕಾದೆ. ದೀಪ ಹಚ್ಚಿದ್ದಾಯಿತು. ಬಾಗಿಲು ತೆಗೆದೇ ಇತ್ತು. ತಂಗಿ ಬರಲಿಲ್ಲ.

ಮಾರನೆಯ ದಿನ ಫೋನು. ಮಗು ಸ್ವಲ್ಪ ಮೈ ತುಂಬಿಕೊಳ್ಳುವವರೆಗೆ ಇರಲಿ ಅಕ್ಕ ಎಂದಳು. ಆಮೇಲೆ ಅವಳಿಗೆ ನೈಟ್ ಶಿಫ್ಟ್ ಬಂತು, ಅದು ಮುಗಿಯುವವರೆಗೆ. ಆಮೇಲೆ ಅತ್ತೆಗೆ ಹುಷಾರಿಲ್ಲ. ಆಮೇಲೆ ಯಾರೂ ಕೇಳುವುದನ್ನೂ ಬಿಟ್ಟರು, ಹೇಳುವುದನ್ನೂ ಬಿಟ್ಟರು. ದತ್ತು ಪತ್ರ ಮಾಡಿಸೋಣವೇ ಎಂದು ನನ್ನ ಗಂಡ ಒಮ್ಮೆ ಅಂದದ್ದಕ್ಕೆ ಅಮ್ಮ ಸಿಟ್ಟಾಗಿದ್ದಳು. ಅಕ್ಕತಂಗಿಯರ ನಡುವೆ ಕೋರ್ಟು ಯಾಕೆ, ಊರೆದುರಿಗೆ ತವುಡು ಅಳೆದಿಲ್ಲವೇ ಎಂದಳು. ನಮಗೂ ಸರಿ ಎನಿಸಿತು. ಹುಟ್ಟಿದ ಸರ್ಟಿಫಿಕೇಟಿನಲ್ಲಿ ತಂಗಿ, ಅವಳ ಗಂಡನ ಹೆಸರೇ ಉಳಿಯಿತು. ಸ್ಕೂಲಿಗೆ ಸೇರಿಸುವಾಗ ಅದೇ ಹೆಸರುಗಳು ಹೋದವು, ವಿಳಾಸ ಮಾತ್ರ ನಮ್ಮದು. ಮಗು ಕಣ್ಣೆದುರಿಗೆ ಬೆಳೆಯುತ್ತಿರುವಾಗ ಕಾಗದವನ್ನು ಯಾರು ನೋಡುತ್ತಾರೆ?

ಆಸ್ಟ್ರೇಲಿಯಾದವರು ನೋಡುತ್ತಾರೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ತಂಗಿ ಫೋನ್ ಮಾಡಿದಳು. ಅವರ ವೀಸಾ ಅರ್ಜಿ ನೋಡಿಕೊಳ್ಳುವ ಏಜೆಂಟು ಎಲ್ಲ ದಾಖಲೆ ತೆಗೆದು ನೋಡಿದಾಗ ಎರಡು ಮಕ್ಕಳು ಎಂದು ಗೊತ್ತಾಯಿತಂತೆ. ಜೊತೆಗೆ ಬರಲಿ ಬಿಡಲಿ, ಒಂದೇ ಮನೆಯಲ್ಲಿ ಇರಲಿ ಬಿಡಲಿ, ಮಕ್ಕಳೆಲ್ಲರನ್ನೂ ತೋರಿಸಲೇಬೇಕಂತೆ. ಮುಚ್ಚಿಟ್ಟದ್ದು ಆಮೇಲೆ ಸಿಕ್ಕಿಬಿದ್ದರೆ ವೀಸಾವೇ ರದ್ದಂತೆ. ತೋರಿಸಿದ ಮೇಲೆ ಬಿಟ್ಟು ಹೋಗುವುದಕ್ಕಿಂತ ಕರೆದುಕೊಂಡು ಹೋಗುವುದೇ ಒಳ್ಳೆಯದಂತೆ, ಆಮೇಲೆ ಬೇರೆಯಾಗಿ ಕರೆಸಿಕೊಳ್ಳುವುದು ಕಷ್ಟವಂತೆ. ಇಷ್ಟೂ "ಅಂತೆ"ಗಳನ್ನು ಒಂದೇ ಉಸಿರಿಗೆ ಹೇಳಿ, ಕೊನೆಗೆ ಮೆಲ್ಲಗೆ, ನೀನೂ ಒಂದು ಸೈನ್ ಮಾಡಬೇಕಾಗುತ್ತೆ ಅಕ್ಕ ಎಂದಳು.

ಮಗಳನ್ನು ಪಟ್ಟಿಯಿಂದ ಬಿಟ್ಟಾಗ ಬಂದ ಕೋಪ ಇನ್ನೂ ಆರಿರಲಿಲ್ಲ. ಈಗ ಸೇರಿಸಿದ್ದಕ್ಕೆ ಅದರ ಎರಡರಷ್ಟು ಬಂತು. ನಾಚಿಕೆಯೇನಿಲ್ಲ, ಎರಡೂ ನಿಜವಾದ ಕೋಪವೇ.

ಏಜೆಂಟಿನ ಆಫೀಸು ಆರ್.ಟಿ. ನಗರದಲ್ಲಿ, ಒಂದು ಬೇಕರಿಯ ಮೇಲೆ. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋದೆ. ತಂಗಿ ಆಗಲೇ ಬಂದು ಕೂತಿದ್ದಳು. ಏಜೆಂಟು ಚಿಕ್ಕ ವಯಸ್ಸಿನವನು, ಮಾತಿಗೊಮ್ಮೆ ಮೇಡಂ ಎನ್ನುವವನು. ಹುಡುಗಿಗೆ ನೀವೇನಾಗಬೇಕು ಎಂದು ಕೇಳಿದ. ತಾಯಿ ಎಂದೆ. ದತ್ತು ಪತ್ರ ಇದೆಯಾ ಎಂದ. ಇಲ್ಲ. ಕೋರ್ಟಿನಿಂದ ಗಾರ್ಡಿಯನ್ ಅಂತ ಆರ್ಡರ್? ಅದೂ ಇಲ್ಲ. ಹಾಗಿದ್ದರೆ ಏನಿದೆ ಎಂದು ಕೇಳಿದ. ತವುಡು ಕೊಟ್ಟು ತಗೊಂಡಿದ್ದೀನಿ ಎಂದೆ. ಅವನು ನಗಲಿಲ್ಲ, ಪಾಪ. ತಂಗಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವಳು ತಲೆ ತಗ್ಗಿಸಿಕೊಂಡು ಇಂಗ್ಲಿಷಿನಲ್ಲೇ ಏನೋ ಹೇಳಿದಳು. ಅವನು ಬರೆದುಕೊಂಡ. ನನ್ನ ಹದಿನಾರು ವರ್ಷ ನನಗೆ ಅರ್ಥವಾಗದ ನಾಲ್ಕು ಮಾತಿನಲ್ಲಿ ಮುಗಿದುಹೋಯಿತು.

ಆಮೇಲೆ ಒಂದು ಹಾಳೆ ಮುಂದಿಟ್ಟ. ನನ್ನ ಹೆಸರಿನಲ್ಲಿ ನಾನೇ ಹೇಳಿದ ಹಾಗೆ ಟೈಪು ಮಾಡಿದ ಹೇಳಿಕೆ ಅದು. ಕನ್ನಡದಲ್ಲಿ ಓದಿ ಹೇಳಯ್ಯ ಎಂದೆ. ಓದಿದ. ಈ ಮಗು ಶಾಲೆಯ ಅನುಕೂಲಕ್ಕಾಗಿ ತಾತ್ಕಾಲಿಕವಾಗಿ ದೊಡ್ಡಮ್ಮನಾದ ನನ್ನ ಮನೆಯಲ್ಲಿ ವಾಸವಾಗಿತ್ತು. ನನಗೆ ಈ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಆಕೆ ತನ್ನ ತಂದೆತಾಯಿಯರ ಜೊತೆ ಹೋಗುವುದಕ್ಕೆ ನನ್ನ ಅಭ್ಯಂತರವಿಲ್ಲ.

ನಮ್ಮ ಬಸ್ಸಿನಲ್ಲಿ ಕಿಟಕಿಯಿಂದ ಸೀಟಿನ ಮೇಲೆ ಕರ್ಚೀಫು ಎಸೆದು, ಟೀ ಕುಡಿದು ಬಂದು, ಅಲ್ಲಿ ಕೂತವರನ್ನು ಎಬ್ಬಿಸುವವರಿರುತ್ತಾರೆ. ಅಂಥವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದು ಅದೇ. ಹದಿನಾರು ವರ್ಷದ ಹಿಂದೆ ಕರ್ಚೀಫು ಹಾಕಿ ಹೋದವಳು ಈಗ ಬಂದು ಏಳು ಎನ್ನುತ್ತಿದ್ದಾಳೆ. ಇದಕ್ಕೆ ನಾನು ಸೈನ್ ಹಾಕುವುದಿಲ್ಲ ಎಂದೆ. ನೀವು ಹಾಕದಿದ್ದರೆ ಮಗುವಿನ ಮೇಲೆ ಬೇರೆಯವರ ಹಕ್ಕಿದೆಯೇ ಎಂದು ಅವರು ಕೇಳುತ್ತಾರೆ, ಇಡೀ ಅರ್ಜಿಯೇ ನಿಂತುಹೋಗುತ್ತದೆ ಮೇಡಂ ಎಂದ. ನಿಂತುಹೋಗಲಿ ಎಂದು ಮೆಟ್ಟಿಲಿಳಿದೆ. ಬೇಕರಿಯಲ್ಲಿ ಮಗಳಿಗೆ ಎಂದಿನಂತೆ ಎರಡು ಪಫ್ಸು ಕಟ್ಟಿಸಿಕೊಂಡೆ.

ಎರಡು ದಿನ ಬಿಟ್ಟು ತಂಗಿ ಕೋಗಿಲಿಗೆ ಬಂದಳು. ಸ್ಕೂಟರ್ ನಿಲ್ಲಿಸಿ ಹೆಲ್ಮೆಟ್ ಕೈಯಲ್ಲೇ ಹಿಡಿದುಕೊಂಡು ಒಳಗೆ ಬಂದಳು. ಅಮ್ಮ ಟೀವಿ ಆರಿಸಿದಳು. ಮಗಳು ರೂಮಿನಲ್ಲಿ ಓದುತ್ತಿದ್ದಳು, ಬಾಗಿಲು ಅರ್ಧ ತೆರೆದಿತ್ತು. ಇಷ್ಟು ವರ್ಷ ಬಾಯಿಗೆ ಬಾರದ ಮಾತೆಲ್ಲ ಅವತ್ತು ಬಂದವು. ಜ್ವರ ಬಂದಾಗ ಎಲ್ಲಿದ್ದೆ, ಮೊದಲ ದಿನ ಸ್ಕೂಲಿನ ಗೇಟಿನಲ್ಲಿ ನನ್ನ ಸೆರಗು ಬಿಡದೆ ಅತ್ತಾಗ ಎಲ್ಲಿದ್ದೆ, ಅವಳು ದೊಡ್ಡವಳಾದಾಗ ಬಂದು ಒಂದು ರೇಷ್ಮೆ ಲಂಗ ಕೊಟ್ಟು ಫೋಟೋ ತೆಗೆಸಿಕೊಂಡು ಹೋದೆಯಲ್ಲ, ಅಷ್ಟೇ ಅಲ್ಲವೇ ನಿನ್ನ ತಾಯ್ತನ ಎಂದೆ. ತಂಗಿ ಎಲ್ಲವನ್ನೂ ನಿಂತೇ ಕೇಳಿದಳು. ತವುಡಿನ ಶಾಸ್ತ್ರ ಬರೀ ಶಾಸ್ತ್ರ ಅಕ್ಕ, ಎಲ್ಲರೂ ಅದೇ ಸಂಜೆ ಮಗೂನ ವಾಪಸ್ ಕರ್ಕೊಂಡು ಹೋಗ್ತಾರೆ ಎಂದಳು.

"ನೀನ್ಯಾಕೆ ಬರ್ಲಿಲ್ಲ? ನಾನು ಕಾಯ್ತಾ ಇದ್ದೆ" ಎಂದೆ. ಹದಿನಾರು ವರ್ಷದಿಂದ ಒಮ್ಮೆಯೂ ಕೇಳದಿದ್ದ ಮಾತು ಅದು.

"ಬಂದಿದ್ದೆ" ಎಂದಳು ತಂಗಿ. "ಗಿರಣಿ ತನಕ ಬಂದಿದ್ದೆ. ಬಾಗ್ಲು ತೆಗ್ದಿತ್ತು, ಕಾಣ್ತಿತ್ತು. ನೀನು ಅವಳ ಬಾಯಿಗೆ ಒಳಲೆಲಿ ಹಾಲು ಹಾಕ್ತಿದ್ದೆ. ಅವಳು ಅಳ್ತಿರ್ಲಿಲ್ಲ ಅಕ್ಕ. ನನ್ ಹತ್ರ ಇದ್ದಷ್ಟು ದಿನ ಒಂದ್ ಗಳಿಗೆ ಅಳು ನಿಂತಿರ್ಲಿಲ್ಲ. ಇನ್ನೊಂದು ಕೂಸು ಹೋಗೋದನ್ನ ನೋಡೋ ಶಕ್ತಿ ನನಗಿರ್ಲಿಲ್ಲ. ಹಂಗೇ ತಿರುಗಿ ಹೋದೆ."

ಗಿರಣಿ ಎಂದರೆ ನಮ್ಮ ಬೀದಿಯ ಮೂಲೆಯ ರಾಗಿ ಗಿರಣಿ. ಈಗ ಅಲ್ಲಿ ಮೊಬೈಲ್ ಅಂಗಡಿ. ಅಲ್ಲಿಂದ ನಮ್ಮ ಹೊಸಿಲು ಚೆನ್ನಾಗಿ ಕಾಣುತ್ತದೆ. ಹೇಳಲು ಏನೂ ಸಿಗದಿದ್ದಾಗ ನನಗೆ ಕೋಪ ಇನ್ನೂ ಹೆಚ್ಚಾಗುತ್ತದೆ. ಅಷ್ಟು ಹತ್ತಿರ ಬಂದವಳಿಗೆ ಒಳಗೆ ಬರಲು ಏನು ರೋಗ ಎಂದು ಕೂಗಿದೆ. ಕೂಗುತ್ತಿರುವಾಗಲೇ ಇವಳ ಮೇಲೆ ಕೂಗುವ ನನ್ನ ಹಕ್ಕು ಕಾಲ ಕೆಳಗಿನಿಂದ ಜಾರುತ್ತಿದೆ ಎಂದು ಗೊತ್ತಾಗುತ್ತಿತ್ತು.

ಆಗ ಮಗಳು ರೂಮಿನಿಂದ ಬಂದಳು. ಆ ಹೇಳಿಕೆಯ ಹಾಳೆ ಎಲ್ಲಿ, ಕೊಡಿ ಎಂದಳು. ತಂಗಿ ಬ್ಯಾಗಿನಿಂದ ತೆಗೆದುಕೊಟ್ಟಳು. ಮಗಳು ನಿಂತಲ್ಲೇ ಓದಿ ಮುಗಿಸಿದಳು. ನನಗಿಂತ ಕೆಂಪಾಗಿತ್ತು ಅವಳ ಮುಖ. ಕೋಪದಲ್ಲಿ ಅವಳು ನನ್ನ ಹಾಗೆಯೇ, ಎಲ್ಲರೂ ಹೇಳುತ್ತಾರೆ.

"ಮೊರದಲ್ಲಿ ಇದ್ದೋಳು ನಾನು" ಎಂದಳು. "ಅವತ್ತೂ ಯಾರೂ ನನ್ನ ಕೇಳ್ಲಿಲ್ಲ, ಸರಿ, ಕೂಸು. ಇವತ್ತು ಕೇಳ್ಬೋದಲ್ಲ? ಒಬ್ರು ಲಿಸ್ಟಿಂದ ಬಿಟ್ರು, ಆಮೇಲೆ ಸೇರಿಸಿದ್ರು. ಒಬ್ರು ಸೈನ್ ಹಾಕಲ್ಲ ಅಂದ್ರು. ನಾನು ಹೋಗ್ತೀನೋ ಇಲ್ವೋ ಅಂತ ಒಬ್ರಾದ್ರೂ ಕೇಳಿದ್ರಾ?"

ನಾನೇ ಕೇಳಿದೆ. ಕೇಳುವಾಗ ಉತ್ತರ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ.

"ಹೋಗ್ತೀನಿ ಅಮ್ಮ" ಎಂದಳು. "ಅಲ್ಲಿ ಓದ್ಬೇಕು ನನಗೆ. ಸಿಕ್ಕಿರೋ ದಾರಿ ಬಿಡಲ್ಲ. ಆದ್ರೆ ಈ ಪೇಪರ್ ಮೇಲೆ ಹೋಗಲ್ಲ. ತಾತ್ಕಾಲಿಕ ಅಂದ್ರೇನು? ನಾನೇನ್ ಇಲ್ಲಿ ಪಿಜಿಲಿ ಇದ್ನಾ?"

ಹಾಳೆಯನ್ನು ಚಿಕ್ಕಿಯ ಕೈಗೆ ವಾಪಸ್ಸು ಕೊಟ್ಟು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವಾರವೆಲ್ಲ ನಾನು ಮಗಳ ಜೊತೆ ಮಾತು ಬಿಟ್ಟೆ. ಡಬ್ಬಿಗೆ ಚಪಾತಿ ಹಾಕಿ ಸದ್ದು ಬರುವ ಹಾಗೆ ಮುಂದಿಡುತ್ತಿದ್ದೆ. ಅವಳೂ ಸದ್ದು ಬರುವ ಹಾಗೆಯೇ ತೆಗೆದುಕೊಂಡು ಮತ್ತಿಕೆರೆಯ ಕಾಲೇಜಿಗೆ ಹೋಗುತ್ತಿದ್ದಳು. ಬಸ್ಸಿನಲ್ಲಿ ಅವಳ ವಯಸ್ಸಿನ ಹುಡುಗಿಯರನ್ನು ಕಂಡರೆ ಸುಮ್ಮಸುಮ್ಮನೆ ಗದರಿದೆ. ಬ್ಯಾಗು ತೆಗೆದು ಮುಂದೆ ಹಾಕ್ಕೊಳ್ಳಮ್ಮ, ಒಳಗೆ ಹೋಗಮ್ಮ ಎಂದು ಇಡೀ ದಾರಿ ಬೈದುಕೊಂಡೇ ಹೋದೆ. ತಂಗಿಯ ಮೇಲಿನ ಕೋಪಕ್ಕೆ ಗಿರಣಿ ಅಡ್ಡ ಬರುತ್ತಿತ್ತು. ಆ ದೇಶದ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದಕ್ಕೆ ನಾನು ಇದ್ದೇನೆ ಎಂಬುದೇ ಗೊತ್ತಿಲ್ಲ. ಕೊನೆಗೆ ಒಂದು ಸಂಜೆ, ನನ್ನನ್ನು ಬಿಟ್ಟು ಹೋಗಲು ಮಗಳಿಗೆ ಮನಸ್ಸಾದರೂ ಹೇಗೆ ಬಂತು ಎಂದು ಗಂಡನ ಮೇಲೆ ಹಾರಾಡಿದೆ. ಆತ ಯಶವಂತಪುರದ ಯಾರ್ಡಿನಲ್ಲಿ ದಿನವಿಡೀ ಈರುಳ್ಳಿ ಚೀಲ ತೂಗಿಸುವ ಮನುಷ್ಯ, ಮನೆಯಲ್ಲಿ ಬಾಯಿ ಬಿಡುವುದು ಕಡಿಮೆ.

"ಓದು ಓದು ಅಂತ ದಿನಾ ಹೇಳ್ತಿದ್ದೋಳು ನೀನೇ ಅಲ್ವಾ" ಎಂದ. ಅಷ್ಟೇ. ಎದ್ದು ಹೋಗಿ ಮಗಳ ರೂಮಿನ ಬಾಗಿಲು ಬಡಿದೆ. ಊಟಕ್ಕೆ ಬಾ ಎಂದೆ.

ಆಮೇಲೆ ನಾನೇ ತಂಗಿಗೆ ಫೋನ್ ಮಾಡಿದೆ. ಸೈನ್ ಹಾಕುತ್ತೇನೆ, ಆದರೆ ಮಾತು ನನ್ನದಿರಬೇಕು ಎಂದೆ. ಯಲಹಂಕದ ನೋಟರಿಯ ಹತ್ತಿರ ಹೋದೆವು. ಟೈಪಿಸ್ಟಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನಾನು ಹೇಳಿದೆ, ಮಗಳು ಇಂಗ್ಲಿಷ್ ಮಾಡಿದಳು. ನಮ್ಮ ಮನೆತನದ ಪದ್ಧತಿಯಂತೆ ನಾನು ಒಂದು ಮೊರ ತವುಡು ಕೊಟ್ಟು ಈ ಮಗುವನ್ನು ಕೊಂಡುಕೊಂಡೆ. ಅವತ್ತಿನಿಂದ ಇವತ್ತಿನವರೆಗೆ ಇವಳ ತಾಯಿಯಾಗಿ ಸಾಕಿದ್ದೇನೆ. ಕಾಗದದ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಎಂದು ನನಗೆ ಗೊತ್ತು. ಇವಳು ಹೋಗಲು ಇಷ್ಟಪಟ್ಟಿದ್ದಾಳೆ, ಅದಕ್ಕಾಗಿ ಒಪ್ಪಿದ್ದೇನೆ.

ತಂಗಿ ಅದರ ಫೋಟೋ ತೆಗೆದು ಏಜೆಂಟಿಗೆ ಕಳಿಸಿದಳು. ಕೂಡಲೇ ಫೋನು ಬಂತು. ಕೊಂಡುಕೊಂಡೆ ಎಂಬ ಮಾತು ಬೇಡವೇ ಬೇಡ, ಮಗುವನ್ನು ಮಾರಿದ್ದಾರೆ ಎಂದುಕೊಳ್ಳುತ್ತಾರೆ, ಪ್ರಶ್ನೆ ಮೇಲೆ ಪ್ರಶ್ನೆ ಬರುತ್ತವೆ, ವರ್ಷಗಟ್ಟಲೆ ಎಳೆದಾಡಿ ರಿಜೆಕ್ಟ್ ಮಾಡಿದರೆ ನನ್ನನ್ನು ಕೇಳಬೇಡಿ ಎಂದು ಅವನು ಹೇಳುವುದು ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. ಪರೀಕ್ಷೆಗೆ ಓದಿದ್ದು, ರಜೆ ಹಾಕಿ ಅಲೆದದ್ದು, ಎಲ್ಲ ಸೇರಿ ತಂಗಿಯ ಎಷ್ಟೋ ವರ್ಷ ಆ ಅರ್ಜಿಯಲ್ಲಿತ್ತು. ಅವಳು ನನ್ನ ಮುಖ ನೋಡಿದಳು. ನಾನು ಮುಖ ತಿರುಗಿಸಿದೆ. ಬೇಕಾದರೆ ಆ ಮಾತು ತೆಗೆಯಲಿ, ಆಮೇಲೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದುಕೊಂಡೆ.

"ಅದು ನಡೆದಿದ್ದು ಹಾಗೇನೇ. ಹಾಗೇ ಇರ್ಲಿ" ಎಂದಳು ತಂಗಿ ಫೋನಿಗೆ.

ಫೋನಿಟ್ಟು ಟೈಪಿಸ್ಟಿಗೆ ಇನ್ನೊಂದು ಸಾಲು ಸೇರಿಸಲು ಹೇಳಿದಳು. ಮೇಲೆ ಹೇಳಿದ್ದೆಲ್ಲ ನಿಜ, ಅವತ್ತು ಸಂಜೆ ಮಗುವನ್ನು ನಾನು ವಾಪಸ್ ಕರೆದುಕೊಂಡು ಬರಲಿಲ್ಲ ಎಂದು. ಅದರ ಕೆಳಗೆ ಸೈನ್ ಹಾಕಿದಳು. ನಾನೂ ಹಾಕಿದೆ.

ಏಜೆಂಟು ಹೇಳಿದಂತೆಯೇ ಪ್ರಶ್ನೆಗಳು ಬಂದವು. ಮಗಳೇ ಕೂತು ಉತ್ತರ ಬರೆದಳು. ತವುಡು ಎಂದರೇನು, ಮೊರ ಎಂದರೇನು ಎಂದು ಪರದೇಶದ ಯಾವನಿಗೋ ವಿವರಿಸುವಾಗ ಅವಳಿಗೆ ನಗು ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ತಂಗಿ ದಿನಾ ಮೇಲ್ ನೋಡಿದಳು. ವೀಸಾ ತಡವಾಯಿತು, ಆದರೆ ಬಂತು. ನಾಲ್ಕು ಜನಕ್ಕೆ ಬಂತು.

ಹೊರಡುವ ಮುಂಚಿನ ಭಾನುವಾರ ತಂಗಿ ಸ್ಕೂಟರಿನ ಮುಂದೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಬಂದಳು. ತವುಡು. ಅಮ್ಮ ನನಗೆ ಹೇಳದೆ ಅವಳಿಗೆ ಫೋನ್ ಮಾಡಿದ್ದಳಂತೆ. ಒಳಗಿನಿಂದ ಅಮ್ಮನೇ ಹಳೇ ಮೊರ ಹಿಡಿದುಕೊಂಡು ಬಂದಳು.

"ಸಾಸ್ತ್ರ ಅರ್ದಕ್ಕೇ ನಿಂತೈತೆ ಕಣವ್ವ" ಎಂದಳು ಅಮ್ಮ. "ಇಂಗೇ ಸಮುದ್ರ ದಾಟಿದ್ರೆ ಮಗೀಗೆ ಒಳ್ಳೇದಲ್ಲ. ತವುಡು ಈಸ್ಕೊಂಡು ಬುಟ್ಬುಡು."

ನನ್ನ ಪಿತ್ತ ನೆತ್ತಿಗೇರಿತು. ಸೈನ್ ಹಾಕಿದ್ದಾಯಿತು, ಬಟ್ಟೆ ಜೋಡಿಸಿದ್ದಾಯಿತು, ಚಟ್ನಿಪುಡಿ ಕುಟ್ಟಿಸಿದ್ದಾಯಿತು, ಈಗ ಶಾಸ್ತ್ರದಲ್ಲೇ ಇಲ್ಲದ ಹಾಗೆ ತವುಡು ವಾಪಸ್ಸು ಪಡೆದು ಕೊಂಡದ್ದನ್ನೂ ಅಳಿಸಬೇಕಂತೆ. ಚೀಲವನ್ನು ಎತ್ತಿಕೊಂಡು ಹೋಗಿ ಸ್ಕೂಟರಿನ ಮೇಲೆ ವಾಪಸ್ಸು ಇಟ್ಟೆ. ತವುಡು ನನಗೆ ಬೇಡ, ನಾನು ಮಾರುವುದಿಲ್ಲ ಎಂದೆ. ಬೀದಿಯವರು ನೋಡುವಷ್ಟು ಗಟ್ಟಿಯಾಗಿಯೇ ಎಂದೆ.

ತಂಗಿ ಅಲ್ಲೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು. ಅವಳ ಹಿಂದೆ ಬೀದಿಯ ಮೂಲೆ, ಗಿರಣಿಯಿದ್ದ ಜಾಗ ಕಾಣುತ್ತಿತ್ತು. ಅಲ್ಲಿಂದ ನಮ್ಮ ಹೊಸಿಲಿಗೆ ಬರಲು ಇವಳಿಗೆ ಇಷ್ಟು ವರ್ಷ ಹಿಡಿಯಿತು ಎನಿಸಿತು. ದೀಪದ ಹೊತ್ತಾಗಿತ್ತು. ಒಳಗೆ ಹೋಗಿ ದೀಪ ಹಚ್ಚಿದೆ. ಮಗಳನ್ನು ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಮೊರದಲ್ಲಿ ಹಿಡಿಸಲ್ಲ ನಾನು ಎಂದು ಗೊಣಗಿದಳು. ಸುಮ್ಮನಿರು ಎಂದೆ. ಅವಳ ಕೈಯನ್ನು ತಂಗಿಯ ಕೈಯಲ್ಲಿಟ್ಟೆ. ಆ ಸಂಜೆ ಬಾಯಲ್ಲೇ ಹೇಳಿಕೊಂಡು ಕಾದಿದ್ದ ಮಾತು ಇನ್ನೂ ಹಾಗೆಯೇ ಇತ್ತು.

"ನನ್ ಮಗು ಇದು" ಎಂದೆ. "ಸಾಕ್ಕೊಡು."

ಬೈಯುವ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ತಂಗಿ ಹೂಂ ಎಂದಳು. ತಂಗಿ ಬಿಟ್ಟುಹೋದ ತವುಡನ್ನು ಮಾರನೆಯ ದಿನ ಅಮ್ಮ ಹಾಲಿನವನ ಹಸುವಿಗೆ ಹಾಕಿಸಿದಳು.